ರತ್ನಿ ಕೆಮ್ಮಿದ್ದು

ಔಷಧ ಕುಡಿಸುವಾಗ ಆಡು ಕೆಮ್ಮಿತ್ತೇ ಎಂದು ಡಾಕ್ಟರು ನನ್ನನ್ನು ಎರಡು ಸಲ ಕೇಳಿದರು. ಎರಡು ಸಲವೂ ನಾನು ಇಲ್ಲ ಎಂದೆ. ನನ್ನ ಮಾವ ಲೋಕಪ್ಪನವರು ಅಲ್ಲೇ ಹೊಸ್ತಿಲ ಮೇಲೆ ಕೂತಿದ್ದರು. ಅವರಿಗೂ ಕೇಳಿಸಿತು.

ಇದನ್ನು ಮೊದಲಿನಿಂದ ಹೇಳಬೇಕು. ಯಾವುದು ಮೊದಲು ಎಂಬುದರಲ್ಲೇ ನನಗೆ ಅನುಮಾನ, ಆದರೂ ಹೇಳುತ್ತೇನೆ.

ಗೋವಾದ ಕಾಣಕೋಣದಲ್ಲಿ ಒಂದು ಗೋಡಂಬಿ ತೋಟದ ಅಂಚಿಗೆ ನಮ್ಮ ಎರಡು ಕೋಣೆಯ ಬಾಡಿಗೆ ಮನೆ. ಗಂಡ ಸುನಿಲ ಕುಂಕಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ನಾನು ಬೀಚಿನ ಹತ್ತಿರದ ಗೆಸ್ಟ್‌ಹೌಸಿನಲ್ಲಿ ಹಾಸಿಗೆಯ ಬಟ್ಟೆ ಒಗೆಯುತ್ತೇನೆ. ಮೂರು ವರ್ಷದ ಹಿಂದೆ ಸಂಜೆ ಶಾಲೆಗೆ ಹೋಗಿ ಹತ್ತನೆಯ ತರಗತಿ ಪಾಸು ಮಾಡಿಕೊಂಡೆ. ಅತ್ತೆ ತೀರಿಕೊಂಡ ಮೇಲೆ ಮಾವನವರನ್ನು ವಿಜಯಪುರದ ಕಡೆಯ ಊರಿನಿಂದ ಇಲ್ಲಿಗೆ ಕರೆತಂದೆವು. ಬಂದು ಆರು ತಿಂಗಳಾದರೂ ಅವರು ಯಾರೊಂದಿಗೂ ನಾಲ್ಕು ಮಾತು ಆಡಲಿಲ್ಲ. ಕೊನೆಗೆ ಸುನಿಲ ಎಲ್ಲಿಂದಲೋ ಒಂದು ಕೆಂಚು ಬಣ್ಣದ ಆಡಿನ ಮರಿ ತಂದರು. ಅದೇ ರತ್ನಿ. ಅವತ್ತು ಮಾವನವರು ಮರಿಯ ಬಾಯಿ ತೆರೆದು ಹಲ್ಲು ನೋಡಿ, “ಯವ್ವಾ, ಒಂದೀಟು ಬೆಲ್ಲದ ನೀರು ತಾ, ದಾರಿ ದಣದೈತಿ” ಎಂದರು. ನನ್ನನ್ನು ಯವ್ವಾ ಎಂದು ಕರೆದದ್ದು ಅದೇ ಮೊದಲು. ಆಮೇಲೆ ಬಹಳ ದಿನ ಬೇರೆ ಹೆಸರಿನಿಂದ ಕರೆಯಲೇ ಇಲ್ಲ.

ಐವತ್ತು ವರ್ಷ ಆಡು ಕಾಯ್ದವರು. ಇಲ್ಲಿನ ಮಳೆಗೆ ನೆಲ ಒಣಗುವುದಿಲ್ಲ, ಗೊರಸು ಕೊಳೆಯುತ್ತದೆ ಎಂದು ಕಾರ್ಖಾನೆಯ ಹಳೆಯ ಹಲಗೆಗಳನ್ನು ತರಿಸಿ ರತ್ನಿಗೆ ಎತ್ತರದ ಅಟ್ಟಣಿಗೆ ಮಾಡಿದರು. ದಿನಾ ಬೆಳಿಗ್ಗೆ ಅದರ ಕೆಳಗಿನ ರೆಪ್ಪೆ ಇಳಿಸಿ ನೋಡುವರು, ಎಡಪಕ್ಕೆಗೆ ಅಂಗೈ ಒತ್ತುವರು, ಹಿಕ್ಕೆ ನೋಡುವರು. ನನಗೂ ಕಲಿಸಿದರು.

“ಆಡು ತಾನ ಬಾಯಿಬಿಟ್ಟು ಹೇಳೂದಿಲ್ಲವಾ. ರೆಪ್ಪಿ ಒಳಗ ಕೆಂಪಗಿದ್ರ ಚಲೋ. ಬೆಳ್ಳಗಾತಂದ್ರ ಹೊಟ್ಯಾಗ ಹುಳ.”

ಅವರು ಹೇಳಿದ್ದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬರೆಯದಿದ್ದರೆ ನನಗೆ ಯಾವುದೂ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬ ಹೆದರಿಕೆ.

ರತ್ನಿ ಬೆಳೆದು ದೊಡ್ಡದಾಗಿ, ಮುಂದಿನ ವರ್ಷ ಜನವರಿಯಲ್ಲಿ ಒಂದು ಮರಿ ಹಾಕಿತು. ಹುರಿಗಡಲೆ ಪುಟಾಣಿಯ ಬಣ್ಣ, ಅಷ್ಟೇ ಚಿಕ್ಕದು. ಪುಟಾಣಿ ಎಂದೇ ಕರೆದೆವು.

ಏಪ್ರಿಲಿನಲ್ಲಿ ತೋಟದಲ್ಲಿ ಗೋಡಂಬಿ ಹಣ್ಣು ತುಳಿದು ಫೆನಿ ಎಂಬ ಸಾರಾಯಿಗೆ ರಸ ಹಿಂಡುವ ಕೆಲಸ ಶುರುವಾಯಿತು. ಹಿಂಡಿ ಉಳಿದ ಚರಟ ಅಲ್ಲೇ ರಾಶಿ ಬೀಳುತ್ತದೆ. ಒಂದು ಮಧ್ಯಾಹ್ನ ಮಾವನವರು ಒಂದು ಬುಟ್ಟಿ ತುಂಬ ಅದನ್ನು ಹೊತ್ತು ತಂದರು.

“ಮಾವಾರ, ಹುಳಿ ವಾಸನಿ ಬರಾಕತ್ತೈತಲ್ರಿ?” ಎಂದೆ.

“ಊರಾಗ ಶೇಂಗಾ ಹಿಂಡಿ ಹಾಕ್ತಿರಲಿಲ್ಲೇನು? ಇದೂ ಹಿಂಡಿ ಉಳದದ್ದ. ಮರಿಗಿ ಹಾಲು ಹೆಚ್ಚಾಗತೈತಿ.”

ಬೀಚಿನಲ್ಲಿ ಮಣಿಸರ ಮಾರುವ ಪಕ್ಕದ ಮನೆಯ ಗಂಗೀಬಾಯಿ ಬುಟ್ಟಿ ಇಣುಕಿ ನಕ್ಕಳು. “ಏ ಅಜ್ಜಾ, ಅದರಾಗ ಅರ್ಧ ಫೆನಿ ಐತಿ! ಸಂಜೀಕ ನಿನ್ನ ಆಡು ಹಾಡ ಹಾಡತೈತಿ ನೋಡ.”

“ಹಾಡ್ಲಿ ಬಿಡ. ನಿನಗಿಂತ ಚಲೋನ ಹಾಡತೈತಿ.”

ಮೂವರೂ ನಕ್ಕೆವು. ರತ್ನಿ ಬುಟ್ಟಿಗೆ ಮೂತಿ ಹಾಕಿದ್ದು ತೆಗೆಯಲೇ ಇಲ್ಲ.

ಸಂಜೆಗೆ ಅದು ಮಲಗಿಬಿಟ್ಟಿತು. ಎಡಪಕ್ಕೆ ಬಿಗಿದಿತ್ತು, ಮೆಲುಕು ನಿಂತಿತ್ತು, ಹಲ್ಲು ಕಡಿಯುತ್ತಿತ್ತು. ಮರುದಿನ ಬೆಳಿಗ್ಗೆ ದನದ ಡಾಕ್ಟರು ಬಂದರು. ಕೊಂಕಣಿ ಬೆರೆತ ಹಿಂದಿಯಲ್ಲಿ, ಚರಟ ತಿನ್ನಿಸಿದವರು ಯಾರು ಎಂದು ಗದರಿದರು. ಮಾವನವರು ಎದ್ದು ಮನೆಯ ಹಿಂದಕ್ಕೆ ಹೋದರು.

ಡಾಕ್ಟರು ಸೂಜಿ ಹಾಕಿದರು. ಅಡುಗೆ ಸೋಡಾ ನೀರಿನಲ್ಲಿ ಕಲಸಿ ಬಾಟಲಿಯಿಂದ ಕುಡಿಸಬೇಕು ಎಂದರು. “ನೋಡಮ್ಮ, ಹಿಡಿಯುವುದು ಹೀಗೆ” ಎಂದು ತಾವೇ ಒಂದು ಸಲ ಕುಡಿಸಿ ತೋರಿಸಿದರು. ನಾನು ಆಗ ಬರೆಯುತ್ತಿದ್ದೆ. ಸೋಡಾ ದೊಡ್ಡ ಚಮಚದಲ್ಲಿ ಎರಡು, ನೀರು ಅರ್ಧ ಲೀಟರು, ದಿನಕ್ಕೆ ಮೂರು ಸಲ, ಎರಡು ದಿನ. ಅಂಕಿ ತಪ್ಪಬಾರದೆಂದು ಕೆಳಗೆ ಗೆರೆ ಎಳೆದೆ. ತಲೆ ಎತ್ತುವಷ್ಟರಲ್ಲಿ ಬಾಟಲಿ ಖಾಲಿಯಾಗಿತ್ತು, ಡಾಕ್ಟರು ಕೈ ಒರೆಸಿಕೊಳ್ಳುತ್ತಿದ್ದರು. ಇನ್ನೊಮ್ಮೆ ತೋರಿಸಿ ಎನ್ನಬೇಕಿತ್ತು. ಇಷ್ಟು ಹೊತ್ತು ಏನು ನೋಡುತ್ತಿದ್ದೆ ಎಂದುಕೊಂಡಾರು ಎಂಬ ನಾಚಿಕೆಗೆ ಸುಮ್ಮನಾದೆ.

ಮಧ್ಯಾಹ್ನ ಹಿತ್ತಲಿಗೆ ಹೋಗಿ ಕರೆದೆ. “ಮಾವಾರ, ನೀವ ಕುಡಸ್ರಿ.”

“ಬ್ಯಾಡವಾ. ನನ್ನ ಕೈಲೆ ಆದದ್ದು ಸಾಕು. ನೀ ಬರಕೊಂಡೀಯಲ್ಲ, ನೀನ ಕುಡಸು.”

ರತ್ನಿಯ ಕತ್ತನ್ನು ಮೊಣಕಾಲುಗಳ ನಡುವೆ ಹಿಡಿದೆ. ಒಂದು ಹನಿಯೂ ಚೆಲ್ಲಬಾರದೆಂದು ಗದ್ದವನ್ನು ಆಕಾಶಕ್ಕೆ ಎತ್ತಿದೆ. ಚಿಕ್ಕಂದಿನಲ್ಲಿ ನನ್ನವ್ವ ನನಗೆ ಔಡಲೆಣ್ಣೆ ಕುಡಿಸುತ್ತಿದ್ದದ್ದು ಹಾಗೇ. ಬಾಟಲಿ ಬಗ್ಗಿಸಿದೆ. ರತ್ನಿ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು, ಮೂಗಿನಿಂದ ನೀರು ಬಂತು, ಕಣ್ಣು ತೇಲಿಸಿತು. ಹಟ ಮಾಡುತ್ತಿದೆ ಎಂದುಕೊಂಡೆ. ಅರ್ಧ ಲೀಟರು ಎಂದು ಬರೆದಿತ್ತಲ್ಲ, ಪೂರ್ತಿ ಮುಗಿಸಿದೆ. ನೋಟ್‌ಬುಕ್ಕಿನಲ್ಲಿ ಸರಿ ಗುರುತು ಹಾಕಿದೆ. ಉಳಿದ ಸಲವೂ ಹಾಗೇ ಕುಡಿಸಿ ಗುರುತು ಹಾಕಿದೆ.

ಮರುದಿನ ಹೊಟ್ಟೆ ಮೆತ್ತಗಾಯಿತು. ರತ್ನಿ ಎದ್ದು ನಿಂತು ಒಂದು ಹಲಸಿನ ಎಲೆ ಕಚ್ಚಿತು. ಮಾವನವರು ದೂರದಿಂದಲೇ ನೋಡಿ, “ತಿಂತು ಯವ್ವಾ, ತಿಂತು” ಎಂದರು. ಆದರೆ ಮೂರನೆಯ ದಿನ ಅದರ ಉಸಿರು ಓಡತೊಡಗಿತು. ಮೂಗಿನ ಹೊಳ್ಳೆ ಅಗಲವಾದವು, ಕತ್ತು ಮುಂದಕ್ಕೆ ಚಾಚಿ ನಿಂತಿತು. ಡಾಕ್ಟರು ಬಂದು ಎದೆಗೆ ನಳಿಕೆ ಇಟ್ಟು ಬಹಳ ಹೊತ್ತು ಕೇಳಿದರು.

“ಕುಡಿಸುವಾಗ ಕೆಮ್ಮಿತ್ತಾ?”

“ಇಲ್ರಿ.”

“ಸರಿಯಾಗಿ ನೆನಪಿಸಿಕೊಳ್ಳಿ. ತಲೆ ಮೇಲಕ್ಕೆತ್ತಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಕೆಮ್ಮಿತ್ತಾ?”

ನಾನು ನೋಟ್‌ಬುಕ್ಕು ನೋಡಿದೆ. ಅದರಲ್ಲಿ ಬರೀ ಸರಿ ಗುರುತುಗಳಿದ್ದವು. “ಇಲ್ರಿ” ಎಂದೆ.

“ಹಾಗಾದರೆ ಆ ಚರಟದ್ದೇ ಕೆಲಸ” ಎಂದು ಅವರು ಮತ್ತೊಂದು ಸೂಜಿ ಹಾಕಿ ಹೋದರು. ಮಾವನವರು ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಹಿಡಿದುಕೊಂಡರು. ಹೊತ್ತು ಮುಳುಗುವ ಮೊದಲೇ ರತ್ನಿ ಸತ್ತಿತು. ಕುಣಿಯನ್ನು ಅವರೇ ತೋಡಿದರು. ಸಲಿಕೆಗೆ ಕೈ ಹಾಕಲು ಹೋದ ನನ್ನನ್ನು ಹತ್ತಿರ ಬಿಡಲಿಲ್ಲ. “ನೀ ಮಾಡೂದೆಲ್ಲ ಮಾಡಿದಿ ಯವ್ವಾ” ಎಂದರು. ಸಮಾಧಾನಕ್ಕೆಂದು ಹೇಳಿದ ಮಾತು ಅದು.

ಓಣಿಯಲ್ಲಿ ಮಾತು ಹುಟ್ಟಿತು. ಗಂಗೀಬಾಯಿ ಕೆಟ್ಟವಳಲ್ಲ, ಆದರೆ ನಗೆಯ ಮಾತು ಸಿಕ್ಕರೆ ಬಿಡುವವಳೂ ಅಲ್ಲ. ನಲ್ಲಿಯ ಹತ್ತಿರ, “ನಮ್ಮ ಲೋಕಪ್ಪಜ್ಜ ಆಡಿಗಿ ಫೆನಿ ಕುಡಿಸಿ ಕೊಂದಾನ” ಎಂದಳು. ಕೊಡ ಹಿಡಿದು ನಿಂತಿದ್ದ ಮಾವನವರು ಕೊಡ ಅಲ್ಲೇ ಬಿಟ್ಟು ಬಂದರು.

ಅವತ್ತಿನಿಂದ ಪುಟಾಣಿಯ ಹಗ್ಗ ನನ್ನ ಕೈಗೆ ಬಂತು. ಅವರು ಅದನ್ನು ಮುಟ್ಟಲಿಲ್ಲ, ರೆಪ್ಪೆ ನೋಡಲಿಲ್ಲ. ಮರಿ ತಾನಾಗಿ ಹೋಗಿ ಅವರ ಮೊಣಕಾಲಿಗೆ ತಲೆ ಉಜ್ಜಿದರೆ ಎದ್ದು ಒಳಗೆ ಹೋಗುವರು. “ನಂಗೇನೂ ತಿಳಿಯೂದಿಲ್ಲವಾ. ತಿಳದೈತಿ ಅಂದಕೊಂಡ ಇಷ್ಟ ವರ್ಷ ಕಳದೆ” ಎಂದರು ಒಂದು ದಿನ. ರೊಟ್ಟಿ ಅರ್ಧಕ್ಕೆ ಇಳಿಯಿತು. ಮಾತು ಅದಕ್ಕಿಂತ ಕೆಳಗಿಳಿಯಿತು.

ಹೇಳಬೇಕು ಎಂದು ದಿನಾ ಅಂದುಕೊಂಡೆ. ಗೆಸ್ಟ್‌ಹೌಸಿನಲ್ಲಿ ಚಾದರ ಹಿಂಡುತ್ತ, ಮಾವಾರ, ತಪ್ಪು ನಂದು ಎಂದು ತುಟಿಯೊಳಗೇ ಹೇಳಿ ನೋಡಿಕೊಳ್ಳುತ್ತಿದ್ದೆ. ಮನೆಯ ಬಾಗಿಲಿಗೆ ಬಂದಾಗ, ನಿಜವಾಗಿ ಚರಟದಿಂದಲೇ ಸತ್ತಿದ್ದರೆ ಎಂಬ ಇನ್ನೊಂದು ಯೋಚನೆ ಎದುರಾಗುತ್ತಿತ್ತು. ಯಾರೂ ಖಚಿತವಾಗಿ ಹೇಳಲಾರರು. ಆ ಅನುಮಾನದ ಮರೆಯಲ್ಲಿ ನಾನು ಎರಡು ತಿಂಗಳು ಬದುಕಿದೆ. ಅನುಮಾನದಲ್ಲಿ ನನಗೂ ಪಾಲಿದೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಪುಟಾಣಿಯ ಹಿಕ್ಕೆ ನೀರಾಯಿತು. ರೆಪ್ಪೆ ಇಳಿಸಿ ನೋಡಿದೆ, ಬೆಳ್ಳಗಿತ್ತು. ಡಾಕ್ಟರ ಹತ್ತಿರ ಹೋಗಿ ಜಂತುಹುಳದ ಔಷಧವನ್ನೂ, ಅದನ್ನು ಕುಡಿಸಲು ಸೂಜಿಯಿಲ್ಲದ ಸಿರಿಂಜನ್ನೂ ತಂದೆ. ಮಾವನವರು ಹೊಸ್ತಿಲ ಮೇಲೆ ಕೂತಿದ್ದರು. ಅಂಗಳದಾಚೆ ಅಟ್ಟಣಿಗೆಯ ಮುಂದೆ ತಗಡಿನ ಕೆಳಗೆ ಮರಿಯನ್ನು ಮೊಣಕಾಲುಗಳ ನಡುವೆ ಹಿಡಿದೆ. ಗದ್ದಕ್ಕೆ ಕೈ ಹಾಕಿದೆ. ಮೇಲಕ್ಕೆ ಎತ್ತಿದೆ.

ಯಾಕೆ ಎತ್ತಿದೆ? ಎತ್ತಬಾರದು ಎಂದು ಆಗ ನನಗೆ ಗೊತ್ತಿತ್ತು. ಕೈಯ ರೂಢಿ ಎನ್ನಲಾರೆ. ಅವರು ನೋಡಲಿ ಎಂದೇ ಮಾಡಿದೆ ಎನ್ನುವಷ್ಟು ಧೈರ್ಯ ನನಗಿತ್ತು ಎಂದೂ ಹೇಳಲಾರೆ. ಸಿರಿಂಜು ಬಾಯಿಗೆ ಇನ್ನೂ ತಾಗಿರಲಿಲ್ಲ.

“ಏ! ತಲಿ ಇಳಸ! ತಲಿ ಇಳಸ ಮೊದ್ಲ!”

ಎರಡು ತಿಂಗಳಲ್ಲಿ ಅವರ ದನಿ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. ಮಳೆಯಲ್ಲೇ ಬರಿಗಾಲಲ್ಲಿ ಬಂದು ನನ್ನ ಕೈ ತಳ್ಳಿ ಮರಿಯ ದವಡೆ ಹಿಡಿದರು. “ಬಾಯಿ ಬೆನ್ನಿನ ಮಟ್ಟಕ್ಕ ಇರಬೇಕ. ಹಿಂಗ ಎತ್ತಿದ್ರ ಎದಿಯಾಗ ಇಳದು…”

ಅಲ್ಲಿಗೆ ನಿಂತರು. ತಗಡಿನ ಮೇಲೆ ಮಳೆ ಬೀಳುತ್ತಿತ್ತು.

“ರತ್ನೀಗೂ ಹಿಂಗ ಹಿಡದಿದ್ದೇನು?”

“ಹೌದ್ರಿ.”

“ಕೆಮ್ಮಿತ್ತು?”

“ಕೆಮ್ಮಿತ್ರಿ. ಮೂಗಿನಾಗ ನೀರ ಬಂತು. ಆದ್ರೂ ನಾ ಬಾಟ್ಲಿ ಪೂರಾ ಮುಗಿಸಿದೆ, ಮಾವಾರ. ಡಾಕ್ಟರಿಗೆ ಸುಳ್ಳ ಹೇಳಿದೆ.”

ಅವರು ನನ್ನ ಮುಖ ನೋಡಲಿಲ್ಲ. ಸಿರಿಂಜು ಇಸಿದುಕೊಂಡು ಬಾಯಿಯ ಪಕ್ಕದಿಂದ ಒಂದಿಷ್ಟು ಬಿಟ್ಟರು, ಮರಿ ನುಂಗುವವರೆಗೆ ಕಾದರು, ಮತ್ತೆ ಒಂದಿಷ್ಟು ಬಿಟ್ಟರು. ಅಷ್ಟು ಸ್ವಲ್ಪ ಔಷಧಕ್ಕೆ ಬಹಳ ಹೊತ್ತು ಹಿಡಿಯಿತು. ಮುಗಿದ ಮೇಲೆ ಹೇಳಿದರು:

“ನಾ ಹಿತ್ತಲದಾಗ ಹೋಗಿ ಕುಂತಿದ್ದೆ. ಅಲ್ಲೇ ನಿಂತಿದ್ರ ನಿನ್ನ ಕೈ ಹಿಡೀತಿದ್ದೆ.”

ಹೇಳಿಬಿಟ್ಟರೆ ಅವರ ಭಾರ ಇಳಿಯುತ್ತದೆ ಎಂದು ನಾನು ತಿಳಿದಿದ್ದೆ. ಅವರು ಅದರ ಮೇಲೆ ಇನ್ನೊಂದನ್ನು ಹೊತ್ತುಕೊಂಡು ಒಳಗೆ ಹೋದರು.

ಒಂಬತ್ತು ದಿನ ನನ್ನೊಂದಿಗೆ ಮಾತನಾಡಲಿಲ್ಲ. ಆದರೆ ಮರುದಿನ ಬೆಳಿಗ್ಗೆಯೇ ಪುಟಾಣಿಯ ಹಗ್ಗ ಬಿಚ್ಚಿಕೊಂಡು ಹೋದರು. ರೆಪ್ಪೆ ಇಳಿಸಿ ನೋಡಿದರು. ಒದ್ದೆಯಾದ ಹಲಗೆ ಬದಲಿಸಿದರು. ಗಂಗೀಬಾಯಿಗೆ ನಾನೇ ಹೋಗಿ ನಡೆದದ್ದು ಹೇಳಿದೆ. ಅವಳು ನಗಲಿಲ್ಲ, “ಅಜ್ಜಗ ಯಾವ ಮುಖ ತೋರಿಸ್ಲಿ ಈಗ” ಎಂದಳು.

ಹತ್ತನೆಯ ದಿನ ಕೆಲಸಕ್ಕೆ ಹೊರಟಿದ್ದೆ. ಅಟ್ಟಣಿಗೆಯ ಹತ್ತಿರದಿಂದ ಕರೆದರು. “ಲತಾ.”

ನನ್ನ ಹೆಸರು ಅವರ ಬಾಯಲ್ಲಿ ಯಾರದೋ ಹೆಸರಿನಂತೆ ಕೇಳಿಸಿತು.

“ಕೈ ತೊಳಕೊಂಡ ಬಾ.”

ಹೋದೆ. ಸಿರಿಂಜಿನಲ್ಲಿ ಬರೀ ನೀರಿತ್ತು. ನನ್ನ ಕೈಯನ್ನು ಪುಟಾಣಿಯ ದವಡೆಯ ಕೆಳಗೆ ಇರಿಸಿ, ಅದರ ಕೆಳಗೆ ತಮ್ಮ ಕೈ ಇಟ್ಟು, ಬೆನ್ನಿನ ಮಟ್ಟಕ್ಕೆ ತಂದು ನಿಲ್ಲಿಸಿದರು.

“ಇಷ್ಟ. ಇದಕ್ಕಿಂತ ಮ್ಯಾಲ ಬ್ಯಾಡ. ನಾಳಿ ನಾ ಇರಲಿಲ್ಲಂದ್ರ ನೀನ ಕುಡಿಸಬೇಕಲ್ಲ.”

ಈ ಸಲ ನಾನು ಏನೂ ಬರೆದುಕೊಳ್ಳಲಿಲ್ಲ, ಅವರ ಕೈಯನ್ನೇ ನೋಡಿದೆ. ಇನ್ನೇನು ಯವ್ವಾ ಎನ್ನುತ್ತಾರೇನೋ ಎಂದು ಕಾದೆ. ಅವರು ಮರಿಯ ಗಂಟಲಿನ ಮೇಲೆ ಬೆರಳಿಟ್ಟು, ನೀರು ಇಳಿಯುವುದನ್ನೇ ನೋಡುತ್ತಿದ್ದರು.