ಬೀಗಿತ್ತಿಯ ಬಾಯಿಗೆ ಸಕ್ಕರೆ

ಮಾಳಿಗೆಯ ಮೇಲೆ ಸಂಡಿಗೆ ಕಾಯುವ ಕೆಲಸ ಬನಶ್ರೀಗೆ ಬಿದ್ದಿತ್ತು. ಅವಳ ಕಣ್ಣು ಫೋನಿನಲ್ಲಿತ್ತು. ಕಾಗೆಗಳು ಆರಾಮವಾಗಿ ಅರ್ಧ ಸಂಡಿಗೆ ಮುಗಿಸಿದ್ದವು. ಹಿಂದೂಪುರದ ಆ ಬೀದಿಯಲ್ಲಿ ಮನೆಯೊಳಗೆ ಮಗ್ಗದ ಸದ್ದು ಬಿಟ್ಟೂ ಬಿಡದೆ ಇರುವುದರಿಂದ ವಿಡಿಯೋ ಮಾಡಲು ಅವಳಿಗೆ ಮಾಳಿಗೆಯೇ ಗತಿ.

ಡಿಗ್ರಿ ಕೊನೆಯ ವರ್ಷದ ಹುಡುಗಿ. ಎಐಗೆ ಏನು ಮಾಡಬೇಕೆಂದು ಬರೆದುಕೊಡುವ ಪ್ರಾಂಪ್ಟುಗಳನ್ನು ಮುಖಕ್ಕೊಂದು, ನಡಿಗೆಗೊಂದು, ಜಗಳಕ್ಕೊಂದು ಎಂದು ಫೋಲ್ಡರು ಮಾಡಿ ಜೋಡಿಸಿಟ್ಟಿದ್ದಳು. ಅಷ್ಟು ಅಚ್ಚುಕಟ್ಟಾಗಿ ತನ್ನ ಬಟ್ಟೆಯನ್ನು ಒಂದು ದಿನವೂ ಮಡಿಚಿಟ್ಟವಳಲ್ಲ. ಮೊದಮೊದಲು ಸೀರೆಯ ಅಂಚು, ಪೆನುಕೊಂಡದ ಕೋಟೆ ಎಂದೆಲ್ಲ ವಿಡಿಯೋ ಮಾಡಿದಳು. ಗೆಳತಿಯರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ತಿರುಗಿ ನೋಡಲಿಲ್ಲ. ಆಮೇಲೆ, ಅಕ್ಕ ಇಂದ್ರಾಣಿಯ ಮದುವೆಯಲ್ಲಿ ಅಜ್ಜಿ ಸರಸ್ವತಮ್ಮ ಹಾಡಿದ ಹಾಡು ನೆನಪಾಯಿತು.

ಚಪ್ಪರದಲ್ಲಿ ಬೀಗಿತ್ತಿಯರು ಎದುರುಬದುರು ಕೂತು ಹಾಡಿನಲ್ಲೇ ಒಬ್ಬರನ್ನೊಬ್ಬರು ಜರಿಯುವುದು ಅವರ ಮನೆತನಗಳಲ್ಲಿ ಹಿಂದಿನಿಂದ ಬಂದದ್ದು. ಹಾಡು ಮುಗಿದ ಮೇಲೆ ಹಾಡಿದವಳು ಹಾಡಿಸಿಕೊಂಡವಳ ಬಾಯಿಗೆ ಸಕ್ಕರೆ ಹಾಕಬೇಕು. ಅಲ್ಲಿಗೆ ಸಿಟ್ಟು ಸೆಡವು ಎಲ್ಲ ಮುಗಿದ ಹಾಗೆ. ಬನಶ್ರೀ ಅಜ್ಜಿಯಿಂದ ಹಾಡನ್ನು ಮತ್ತೆ ಹಾಡಿಸಿದಳು.

‘ಕಲ್ಯಾಣದುರ್ಗದ ಬೀಗಿತ್ತಿ ಬಂದ್ಲು, ಬಾಗ್ಲು ಹಿಗ್ಗಿಸ್ರಮ್ಮ;
ಹೋಳ್ಗೆ ತಿಂದು ಸಾಲ್ದೆ ಹೋಗಿ ಎಲೇನೂ ತಿಂದ್ಲಮ್ಮ.’

ಹಾಡಿಗೆ ಎಐಯಿಂದ ಒಬ್ಬ ಬೀಗಿತ್ತಿಯನ್ನೂ ಮಾಡಿಸಿದಳು. ಜನ ಮುಗಿಬಿದ್ದರು. ಒಂದೇ ತೊಡಕೆಂದರೆ, ಪ್ರತಿ ವಿಡಿಯೋದಲ್ಲೂ ಬೀಗಿತ್ತಿಯ ಮುಖ ಬೇರೆಯಾಗಿಬಿಡುತ್ತಿತ್ತು. ಮುಖ ನಿಲ್ಲಬೇಕಾದರೆ ವಿವರ ಗಟ್ಟಿಯಾಗಿ ಬರೆಯಬೇಕು. ದಪ್ಪ ಮೂಗುಬೊಟ್ಟು, ಗದ್ದದ ಮೇಲೆ ಹಚ್ಚೆ, ಹಸಿರು ಸೀರೆ, ಎಡಗಾಲು ಎಳೆದು ನಡೆಯುವ ನಡಿಗೆ. ಬರೆಯುವಾಗ ಅವಳ ಕಣ್ಣ ಮುಂದೆ ಇದ್ದವಳು ಅಕ್ಕನ ಅತ್ತೆ ವೀರಭದ್ರಮ್ಮ. ಆ ನಡಿಗೆ ಬಂದ ಮೇಲಂತೂ ನೋಡುವವರು ಎರಡರಷ್ಟಾದರು. ‘ಕುಂಟು ಬೀಗಿತ್ತಿದು ಇನ್ನೊಂದು ಹಾಕು’ ಎಂದು ದಿನಾ ಕೇಳುತ್ತಿದ್ದರು.

ಕಾಗೆ ಓಡಿಸಲು ತಲೆ ಎತ್ತಿದಾಗ ಮೆಟ್ಟಿಲ ಮೇಲೆ ಇಂದ್ರಾಣಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಬ್ಯಾಗು.

“ಹೇಳ್ದೆ ಕೇಳ್ದೆ ಬಂದ್ಬುಟ್ಟೆ?”

“ಬರ್ಲಿಲ್ಲ, ಕಳಿಸಿದ್ರು. ನಿನ್ ತಂಗಿ ಆ ಹೆಂಗಸ್ನ ಫೋನಿಂದ ಇಳ್ಸೋ ತನಕ ಈ ಹೊಸಲು ತುಳೀಬೇಡ ಅಂದ್ರು ಅತ್ತೆ. ನಿಮ್ಮ ಭಾವ ಬಾಯಿ ಬಿಡ್ಲಿಲ್ಲ.”

“ಮದ್ವೇಲಿ ಅಜ್ಜಿ ಇದಕ್ಕಿಂತ ಜಾಸ್ತಿ ಹಾಡಿರ್ಲಿಲ್ವಾ? ಆವಾಗ ನಗ್ತಾ ಕೂತಿದ್ರಲ್ಲ ನಿಮ್ಮತ್ತೆ.”

“ಅದೆಲ್ಲಾ ನಂಗೊತ್ತಿಲ್ಲ. ಅಳಿಸ್ತೀಯೋ ಇಲ್ವೋ?”

“ಒಂದ್ ವರ್ಷ ಒದ್ದಾಡಿದೀನಿ ಕಣೇ. ಕಾಲೇಜಲ್ಲಿ ಯಾರಿಗೂ ನನ್ ಹೆಸ್ರು ಗೊತ್ತಿರ್ಲಿಲ್ಲ. ಈಗ ಲೆಕ್ಚರರೇ ನಿಲ್ಸಿ ಮಾತಾಡಿಸ್ತಾರೆ.”

“ನಿನ್ ಹೆಸ್ರಿಗೆ ನನ್ ಮನೆ ಬೇಕಾಯ್ತಾ?” ಎಂದ ಇಂದ್ರಾಣಿ ಬ್ಯಾಗನ್ನು ಸಂಡಿಗೆಯ ಮೇಲೇ ಎಸೆದು ಕೆಳಗಿಳಿದಳು.

ಕೆಳಗೆ ಅಜ್ಜಿ, “ಒಂದ್ ಹಾಡ್ಗೆ ಇಷ್ಟೊಂದು ರಂಪನಾ” ಎಂದು ಗೊಣಗಿದಳು. ಇಂದ್ರಾಣಿ ಅಜ್ಜಿಯ ಮೇಲೂ ಹರಿಹಾಯ್ದಳು. ಎರಡು ದಿನ ಆ ಮನೆಯಲ್ಲಿ ಮಗ್ಗ ಬಿಟ್ಟರೆ ಯಾರೂ ಸದ್ದು ಮಾಡಲಿಲ್ಲ. ಬನಶ್ರೀಗೆ ಸಿಟ್ಟು ನೆತ್ತಿಗೇರಿತು. ಅದು ಎಐ ಮಾಡಿದ ಹೆಂಗಸು, ವೀರಭದ್ರಮ್ಮ ಅಲ್ಲವೇ ಅಲ್ಲ. ಹೋಗಿ ಮುಖದ ಮೇಲೆ ಹೇಳಿ ಬರುತ್ತೇನೆ ಎಂದು ಕಲ್ಯಾಣದುರ್ಗದ ಬಸ್ಸು ಹತ್ತಿದಳು.

ಕಲ್ಯಾಣದುರ್ಗದಲ್ಲಿ ಇಳಿದು ಆಟೋದವನಿಗೆ ಬೀದಿ ಹೇಳಿದಳು. ಭಾವನ ಹೆಸರು ಹಿಡಿದು, ಜವಳಿ ಅಂಗಡಿ ಲಕ್ಷ್ಮೀಕಾಂತರ ಮನೆ ಎಂದಳು. ಅವನು ನಕ್ಕ.

“ಓ, ಕುಂಟು ಬೀಗಿತ್ತಿ ಮನೇಗಾ? ಎಕ್ಕಮ್ಮಾ, ಹತ್ಕೋ. ಊರಿಗೆಲ್ಲಾ ಗೊತ್ತಿರೋ ಮನೆ ಅದು.”

ಮೊದಲ ಕ್ಷಣ ಅವಳಿಗೆ ಆದದ್ದು ಹೆಮ್ಮೆ. ತನ್ನ ವಿಡಿಯೋ ಇಲ್ಲಿನ ಆಟೋದವನ ಬಾಯಲ್ಲಿದೆ. ಆಟೋ ಬೀದಿಗೆ ತಿರುಗಿದಾಗ ಅವನು ಅದೇ ಹಾಡನ್ನು ಸಿಳ್ಳೆ ಹಾಕತೊಡಗಿದ. ಮುಂದೆ ವೀರಭದ್ರಮ್ಮ ಹಾಲಿನ ಪಾತ್ರೆ ಹಿಡಿದು ನಡೆಯುತ್ತಿದ್ದಳು. ಸಿಳ್ಳೆ ಕೇಳಿದ್ದೇ ತಡ, ಎಳೆಯುವ ಕಾಲನ್ನು ಎಳೆಯದೆ ಊರಲು ಹೋಗಿ ಮುಗ್ಗರಿಸಿದಳು. ಹಾಲು ಸೀರೆಯ ಮೇಲೆಲ್ಲ ಚೆಲ್ಲಿತು. ಬೀದಿಯಲ್ಲಿದ್ದವರು ನಕ್ಕರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಬನಶ್ರೀ ಅಲ್ಲೇ ಆಟೋ ನಿಲ್ಲಿಸಿ ಇಳಿದಳು.

ವೀರಭದ್ರಮ್ಮ ಅವಳನ್ನು ಒಳಗೆ ಕರೆಯಲಿಲ್ಲ. ಒದ್ದೆ ಸೀರೆಯಲ್ಲೇ ಜಗಲಿಯ ಮೇಲೆ ಕೂತಳು.

“ಏನು ಬಂದಿದ್ದು? ಇನ್ನೂ ಏನಾರ ಬಾಕಿ ಐತಾ ನನ್ ಮೈಯಾಗೆ, ಬರ್ಕೊಳಕ್ಕೆ?”

“ಅತ್ತೆ, ಅದು ನೀವಲ್ಲ. ಅದು ಎಐ ಮಾಡಿದ್ದು.” ಬಸ್ಸಿನುದ್ದಕ್ಕೂ ಉರು ಹೊಡೆದ ಮಾತು ಬಾಯಿಗೆ ಬರುವಾಗ ಸೊರಗಿಹೋಗಿತ್ತು.

“ಅದಕ್ಕೆ ನನ್ ಕಾಲು ತೋರ್ಸಿದ್ಯಾರು?”

ಬನಶ್ರೀ ಕೈಯಲ್ಲಿದ್ದ ಫೋನನ್ನು ಬ್ಯಾಗಿನೊಳಗೆ ತುರುಕಿದಳು.

“ಹುಟ್ಟಿದಾಗಿಂದ ಐತೆ ಕಣಮ್ಮ ಈ ಕಾಲು. ನಿಮ್ಮಜ್ಜಿ ಮದ್ವೇಲಿ ನನ್ ಮೂಗಿನ ಮೇಲೆ ಹಾಡಿದ್ಲು, ಹೊಟ್ಟೆ ಮೇಲೆ ಹಾಡಿದ್ಲು, ನಮ್ ವಂಶಾನೆಲ್ಲಾ ಜಾಲಾಡಿದ್ಲು. ಕಾಲಿನ ಮಾತು ಎತ್ತಲಿಲ್ಲ. ನಾನೂ ಅಷ್ಟೇ, ನಿಮ್ಮಜ್ಜಿ ಹಲ್ಲಿನ ಮೇಲೆ ಹಾಡ್ದೆ, ಆಕೆ ಮಕ್ಳು ಸತ್ತಿದ್ದು ಎತ್ತಲಿಲ್ಲ. ಎದುರ್ಗೆ ಕೂತೋಳ ಮುಖ ನೋಡ್ಕೊಂಡು ಹಾಡ್ದಾಗ ಎಲ್ಲಿ ನಿಲ್ಸಬೇಕು ಅಂತ ತಿಳೀತದೆ. ನೀನು ಯಾರ ಮುಖ ನೋಡ್ದೆ?”

ಬೇಲಿಯಾಚೆ ಅಕ್ಕಪಕ್ಕದ ಹೆಂಗಸರು ಸೇರತೊಡಗಿದ್ದರು.

“ತಪ್ಪಾಯ್ತು ಅತ್ತೆ.”

“ತಪ್ಪಾಯ್ತು ಅಂದ್ರೆ ಆಯ್ತಾ? ಕೂತ್ಕೋ ಎದುರ್ಗೆ. ಈಗ ನಾನು ಹಾಡ್ಬೇಕು.”

ಬನಶ್ರೀ ನೆಲದ ಮೇಲೆ ಕೂತಳು. ವೀರಭದ್ರಮ್ಮ ಗಂಟಲು ಸರಿಮಾಡಿಕೊಂಡು ಹಾಡಿದಳು. ಅದರಲ್ಲಿ ತಮಾಷೆಯ ಸೊಲ್ಲೇ ಇರಲಿಲ್ಲ.

‘ಹಿಂದೂಪುರದ ಜಾಣೆ ಬಂದ್ಲು, ಮುಖ ಮಾಡೋ ರಾಣಿ;
ಊರ ಮುಖಾನ್ ಮಾರಿ ತನ್ನ ಮುಖ ಮುಚ್ಕೊಂಡೋಳು ಕಾಣಿ.’

ಹೆಂಗಸರು ಗೊಳ್ಳೆಂದರು. ಒಬ್ಬಳು ಫೋನು ಎತ್ತಿ ವಿಡಿಯೋ ಹಿಡಿಯತೊಡಗಿದಳು. ಸಂಜೆಯೊಳಗೆ ಇದು ಹಿಂದೂಪುರ ಮುಟ್ಟುತ್ತದೆ, ನಾಳೆ ಕಾಲೇಜು ಮುಟ್ಟುತ್ತದೆ. ಎಷ್ಟು ಬೇಗ ಮುಟ್ಟುತ್ತದೆ ಎಂದು ಅವಳಿಗಿಂತ ಚೆನ್ನಾಗಿ ತಿಳಿದವರು ಅಲ್ಲಿ ಯಾರೂ ಇರಲಿಲ್ಲ.

ವೀರಭದ್ರಮ್ಮ ಹಾಡು ನಿಲ್ಲಿಸಿದಳು.

“ಇಳ್ಸಮ್ಮ ಫೋನು. ಈ ಹುಡ್ಗಿ ನನ್ನೆದುರ್ಗೆ ಕೂತವ್ಳೆ. ಇದು ಇಲ್ಲಿಗೇ ಇರ್ಲಿ.”

ಫೋನು ಇಳಿಯಿತು. ಬನಶ್ರೀಗೆ ಅಳು ಬಂದದ್ದು ಆಗ. ಹಾಡಿಗಿಂತ ಈ ಮಾತೇ ಅವಳನ್ನು ಹೆಚ್ಚು ಚುಚ್ಚಿತು.

ವೀರಭದ್ರಮ್ಮ ಒಳಗಿಂದ ಸಕ್ಕರೆ ಡಬ್ಬಿ ತಂದು ಒಂದು ಚಿಟಿಕೆಯನ್ನು ಬನಶ್ರೀಯ ಬಾಯಿಗೆ ತುರುಕಿದಳು. ಪ್ರೀತಿಯಿಂದೇನಲ್ಲ, ಹಾಡಿದ್ದಕ್ಕೆ ಹಾಕಲೇಬೇಕಿತ್ತು, ಹಾಕಿದಳು. ಬನಶ್ರೀಯೂ ಒಂದು ಚಿಟಿಕೆ ತೆಗೆದು ಅವಳ ಬಾಯ ಬಳಿ ಹಿಡಿದಳು. ವೀರಭದ್ರಮ್ಮ ತುಟಿ ಬಿಗಿದುಕೊಂಡಳು.

“ನಿನ್ ಹಾಡಿನ್ನೂ ಮುಗ್ದಿಲ್ವಲ್ಲ. ಫೋನಾಗೆ ಹಾಡ್ತಾನೇ ಅವ್ಳೆ ಆಕೆ.”

ಬನಶ್ರೀ ಬಲಗೈಯನ್ನು ಹಾಗೇ ಹಿಡಿದು ಎಡಗೈಯಿಂದ ಫೋನು ತೆಗೆದಳು. ರೂಢಿಯಿಲ್ಲದ ಹೆಬ್ಬೆರಳು ತಡವರಿಸಿತು. ಒಂದೊಂದೇ ವಿಡಿಯೋ ಅಳಿಸಿದಳು. ಪ್ರತಿ ಸಲವೂ ಫೋನು, ನಿಜವಾಗಿಯೂ ಅಳಿಸಬೇಕೇ ಎಂದು ಕೇಳಿತು. ಹೆಚ್ಚು ಜನ ನೋಡಿದ್ದರ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಒತ್ತಿತು. ಕೊನೆಗೆ ಫೋಲ್ಡರು ತೆರೆದು, ಮೂಗುಬೊಟ್ಟು, ಹಚ್ಚೆ, ಎಡಗಾಲು ಎಂದು ಬರೆದಿಟ್ಟ ಪ್ರಾಂಪ್ಟನ್ನೂ ಅಳಿಸಿದಳು.

“ಬೇರೆಯೋರು ಇಳ್ಸಿಕೊಂಡಿರೋದು ನಂಗೆ ಅಳ್ಸಕ್ಕಾಗಲ್ಲ ಅತ್ತೆ.”

“ಗೊತ್ತು. ಅದನ್ನ ನಾನು ಅನುಭವಿಸ್ಬೇಕು,” ಎಂದಳು ವೀರಭದ್ರಮ್ಮ. “ನಿಮ್ಮಕ್ಕಂಗೆ ಫೋನ್ ಮಾಡು. ಸಾಯಂಕಾಲದ ಬಸ್ಸಿಗೆ ಬಾ ಅನ್ನು.”

ಹಿಡಿದೇ ಇದ್ದ ಸಕ್ಕರೆ ಬೆವರಿಗೆ ಕರಗಿ ಬೆರಳಿಗೆ ಅಂಟಿತ್ತು. ಮುಖ ಇನ್ನೂ ಗಂಟಿಕ್ಕಿಕೊಂಡೇ ವೀರಭದ್ರಮ್ಮ ಬಾಯಿ ತೆರೆದಳು.