ಹಸಿರು ಶಾಯಿಯ ತಿದ್ದುಪಡಿ

ಮೂವತ್ತೆಂಟು ವರ್ಷ ಇಂಗ್ಲಿಷ್ ಕಾವ್ಯವನ್ನು ಬೋಧಿಸಿದವನು ನಾನು. ಅಧಿಕಾರ ಮತ್ತು ಸಂಘರ್ಷದ ಕವಿತೆಗಳನ್ನು ನನ್ನಷ್ಟು ಚೆನ್ನಾಗಿ ಪಾಠ ಮಾಡಬಲ್ಲವರಿಲ್ಲವೆಂದು ಜನ ಹೇಳುತ್ತಿದ್ದರು, ನಾನು ಅಲ್ಲಗಳೆಯುತ್ತಿರಲಿಲ್ಲ. ನಿವೃತ್ತಿಯ ಬಳಿಕವೂ ಪರೀಕ್ಷಾ ಮಂಡಳಿ ನನ್ನನ್ನೇ ಮುಖ್ಯ ಪರೀಕ್ಷಕನಾಗಿ ಕರೆಸಿಕೊಳ್ಳುತ್ತಿತ್ತು. ಮೌಲ್ಯಮಾಪನದ ಕೊಠಡಿಯಲ್ಲಿ ಸಹಾಯಕ ಪರೀಕ್ಷಕರದು ಕೆಂಪು ಶಾಯಿ, ನನ್ನದು ಹಸಿರು. ಕೆಂಪಿನ ಮೇಲೆ ಹಸಿರು ಬಿದ್ದರೆ ಹಸಿರೇ ಅಂತಿಮ.

ಆ ವರ್ಷ ಪ್ರಶ್ನೆಗೆ ಬಂದದ್ದು ಒಬ್ಬ ದಂಡನಾಯಕನ ಸ್ವಗತದ ಕವಿತೆ. ಅಪ್ಪಣೆಯಂತೆ ಊರೊಂದನ್ನು ಸುಟ್ಟವನು ಮುಪ್ಪಿನಲ್ಲಿ ಅದನ್ನು ನೆನೆದು ಕೊರಗುತ್ತಾನೆ. ಅಧಿಕಾರಕ್ಕೂ ಅಂತಃಕರಣಕ್ಕೂ ನಡೆಯುವ ಸಂಘರ್ಷವೇ ಅದರ ಜೀವಾಳವೆಂದು ಉತ್ತರಸೂಚಿಯಲ್ಲಿ ನಾನೇ ಬರೆದಿದ್ದೆ.

ಹೆಸರಿಲ್ಲದ, ಬರೀ ಸಂಖ್ಯೆಯಿದ್ದ ಒಂದು ಉತ್ತರಪತ್ರಿಕೆ ಬೇರೆಯೇ ಹೇಳಿತ್ತು: ‘ಮೂವತ್ತು ಸಾಲುಗಳಲ್ಲಿ ದಂಡನಾಯಕ ತನ್ನ ನೋವನ್ನೇ ತೋಡಿಕೊಂಡಿದ್ದಾನೆ. ಮನೆ ಸುಟ್ಟುಹೋದ ಹೆಂಗಸಿಗೆ ಒಂದು ಮಾತೂ ಇಲ್ಲ. ಅಳುವ ಹಕ್ಕನ್ನೂ ಅವನೇ ಇಟ್ಟುಕೊಂಡಿದ್ದಾನೆ. ಅವನ ಅಧಿಕಾರ ಇನ್ನೂ ಮುಗಿದಿಲ್ಲ.’

ಅದಕ್ಕೆ ಹದಿನೈದಕ್ಕೆ ಹದಿನಾಲ್ಕು ಅಂಕ ಕೊಟ್ಟಿದ್ದವಳು ನನ್ನ ಹಳೆಯ ಶಿಷ್ಯೆ. ಅಧ್ಯಾಪಕಿಯಾಗಿ ಕಾಲೇಜಿಗೆ ಸೇರಿ ಎರಡು ವರ್ಷವಾಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಎಲ್ಲರೂ ಅವಳನ್ನು ಕಿರಿ ಮೇಡಂ ಎನ್ನುತ್ತಿದ್ದರು.

“ಏನಮ್ಮಾ, ಧಾರಾಳವಾಗಿ ಸುರಿದುಬಿಟ್ಟಿದ್ದೀಯ. ಇದು ಉತ್ತರಸೂಚಿಯಲ್ಲಿ ಎಲ್ಲಿದೆ?” ಎಂದೆ.

“ಉತ್ತರಸೂಚಿಯಲ್ಲಿಲ್ಲ ಮೇಷ್ಟ್ರೇ, ಕವಿತೆಯಲ್ಲಿದೆ.”

“ನಾನು ಇಷ್ಟು ವರ್ಷ ಪಾಠ ಮಾಡಿದ್ದು?”

“ನೀವು ಪಾಠ ಮಾಡ್ವಾಗ ಆ ಹೆಂಗಸಿನ ಸುದ್ದಿ ಬರಲೇ ಇಲ್ಲ. ನಾನು ಎದುರಿಗೇ ಕೂತಿದ್ನಲ್ಲ.”

ಕೊನೆಯ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಹದಿನಾಲ್ಕನ್ನು ಹೊಡೆದುಹಾಕಿ, ಎಲ್ಲರಿಗೂ ಕಾಣುವಂತೆ ಹಸಿರಿನಲ್ಲಿ ಆರು ಎಂದು ಬರೆದೆ. ಬರೆಯುವಾಗಲೇ ನನಗೆ ಗೊತ್ತಿತ್ತು, ಆ ಉತ್ತರ ಸರಿಯಾಗಿತ್ತೆಂದು. ಈಗಲೂ ಚುಚ್ಚುವುದು ಅದೇ.

ಮರುದಿನ ಬೆಳಿಗ್ಗೆ ಆ ಆರನ್ನು ತಿದ್ದಲೆಂದು ಎಲ್ಲರಿಗಿಂತ ಮೊದಲೇ ಹೋದೆ. ಅಂಕಗಳು ಆಗಲೇ ದಾಖಲಾಗಿದ್ದವು. ತಿದ್ದಬೇಕಾದರೆ ಒಂದು ನಮೂನೆಯನ್ನು ತುಂಬಿ ಕಾರಣ ತೋರಿಸಬೇಕಿತ್ತು. ‘ಮುಖ್ಯ ಪರೀಕ್ಷಕರ ತೀರ್ಮಾನದಲ್ಲಿ ದೋಷ’ ಎಂದರೆ ನಾನು ಮಂಡಳಿಯ ಎದುರು ನಿಂತು ವಿವರಣೆ ಕೊಡಬೇಕು. ಆ ಮಂಡಳಿಯಲ್ಲಿ ಕುಳಿತವರೆಲ್ಲ ಒಂದು ಕಾಲಕ್ಕೆ ನನ್ನ ಕೈಕೆಳಗಿದ್ದವರು. ‘ಸಹಾಯಕ ಪರೀಕ್ಷಕರು ಅಂಕ ಕೂಡುವಲ್ಲಿ ಮಾಡಿದ ತಪ್ಪು’ ಎಂದರೆ ಒಂದು ಸಹಿ ಸಾಕು. ಕಚೇರಿಯವರು ನಮೂನೆಯನ್ನು ನೋಡುತ್ತಾರೆಯೇ ಹೊರತು ಉತ್ತರಪತ್ರಿಕೆಯ ಕಟ್ಟನ್ನು ಬಿಚ್ಚುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎರಡನೆಯದಕ್ಕೇ ಗುರುತು ಹಾಕಿದೆ.

ಆ ಉತ್ತರ ಬರೆದ ಮಗುವಿಗೆ ಅಂಕ ಮರಳಿ ಸಿಕ್ಕಿತು. ಕೂಡುವಲ್ಲಿ ತಪ್ಪಿದವರಿಗೆ ಏನಾಗುತ್ತದೆಂಬುದು ತಿಳಿದಿರಲಿಲ್ಲವೆಂದರೆ ಸುಳ್ಳಾದೀತು. ಆ ನಿಯಮದ ಕರಡು ನನ್ನದೇ.

ತಿಂಗಳೊಪ್ಪತ್ತಿನಲ್ಲಿ, ಒಂದು ಮಧ್ಯಾಹ್ನ, ಅವಳು ಮನೆಗೆ ಬಂದಳು. ಕೈಯಲ್ಲಿ ನೋಟಿಸು. ಕರ್ತವ್ಯಲೋಪದ ಕಾರಣ ಅವಳನ್ನು ಖಾಯಂ ಮಾಡುವ ಕಡತವನ್ನು ತಡೆಹಿಡಿಯಲಾಗಿತ್ತು. ಆ ದಿನ ಸಂಜೆಯೊಳಗೆ ಉತ್ತರ ಕೊಡದಿದ್ದರೆ ಕೆಲಸವೇ ಹೋಗುವುದಿತ್ತು.

“ನಾನು ಕೂಡಿದ್ದು ಸರಿಯಾಗೇ ಇತ್ತು ಮೇಷ್ಟ್ರೇ.”

“ಗೊತ್ತಮ್ಮಾ.”

“ಗೊತ್ತಿದ್ದೂ ಬರೆದ್ರಾ?”

ಚಹಾ ತಂದಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಹಾಕಿದೋರು ನಮ್ಮನೇಲೇ ಇದ್ದಾರೆ ಅಂತ ನನಗೇನು ಗೊತ್ತು,” ಎಂದು ಲೋಟವನ್ನು ಅವಳ ಮುಂದೆ ಮಾತ್ರ ಇಟ್ಟಳು.

ನಾನು ಮಾತು ಜೋಡಿಸತೊಡಗಿದೆ: ನನ್ನ ವಯಸ್ಸು, ಆ ದಿನದ ನಗು, ಅಂದಿನಿಂದ ಊಟ ರುಚಿಸದಿರುವುದು.

“ಅದೆಲ್ಲ ಇರಲಿ. ಬರೆದು ಕೊಡಿ. ಆಫೀಸು ಐದಕ್ಕೆ ಮುಚ್ಚುತ್ತೆ.”

ಕಾಗದ ತೆಗೆದುಕೊಂಡೆ. ‘ಅಚಾತುರ್ಯದಿಂದ’ ಎಂದು ಆರಂಭಿಸಿದೆ. ಅವಳು ಬಗ್ಗಿ ಓದಿದಳು.

“ಅಚಾತುರ್ಯವಾ ಮೇಷ್ಟ್ರೇ?”

ಹೊಡೆದುಹಾಕಿ ‘ತಿಳಿದೂ ತಿಳಿದೂ’ ಎಂದು ಬರೆದು, ತಪ್ಪು ನನ್ನದೇ ಎಂದು ಸಹಿ ಮಾಡಿದೆ. ಆ ಸಹಿಯೊಂದಿಗೆ ನನ್ನ ಮುಖ್ಯ ಪರೀಕ್ಷಕಗಿರಿ ಮುಗಿಯಿತೆಂಬುದು ಇಬ್ಬರಿಗೂ ತಿಳಿದಿತ್ತು. ಅವಳು ತಾರೀಖನ್ನು ಪರೀಕ್ಷಿಸಿ, ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಚಹಾವನ್ನು ಮುಟ್ಟಲಿಲ್ಲ.

ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತ, ಹೆಂಡತಿಯ ಕಡೆ ತಿರುಗಿ “ಬರ್ತೀನಮ್ಮಾ” ಎಂದಳು. ನನಗೆ “ಹೋಗ್ತೀನಿ” ಎಂದಳು.