ಬಲಗೈಯ ಗಡಿಯಾರ

ಸೆಕೆಂಡಿನ ಮುಳ್ಳು ನಾಲ್ಕನ್ನು ದಾಟಿ ಐದರ ಕಡೆಗೆ ಜಾರುತ್ತಿದೆ, ಜಾರುವುದೇ ಸರಿ, ಗೋಡೆ ಗಡಿಯಾರದ ಮುಳ್ಳಿನಂತೆ ಇದು ಕುಪ್ಪಳಿಸುವುದಿಲ್ಲ, ಬಸ್ಸು ತಗ್ಗಿಗೆ ಬಿದ್ದು ಎದ್ದರೂ ತನ್ನ ಪಾಡಿಗೆ ತಾನು ಎಣ್ಣೆಯ ಮೇಲೆ ಹೋದಂತೆ ಹೋಗುತ್ತದೆ — ವಿಜಯಶ್ರೀ ಕಿಟಕಿಯ ಸರಳಿನಿಂದ ಬಲಗೈ ತೆಗೆದು ಸೆರಗಿನ ತುದಿಯಿಂದ ಗಾಜು ಒರೆಸಿದಳು, ಏಳು ಹನ್ನೆರಡು, ಮುದ್ದೇಬಿಹಾಳದ ಸ್ಟ್ಯಾಂಡು ಬಿಟ್ಟು ಹನ್ನೆರಡೇ ನಿಮಿಷ, ತಾಳಿಕೋಟೆ ಇನ್ನೂ ದೂರ, ಸಿಂದಗಿ ಅದಕ್ಕೂ ದೂರ, ಎಲ್ಲಿಗ್ರಿ ಅಕ್ಕಾರ ಎಂದ ಕಂಡಕ್ಟರ್ ಸಿಂದಗಿ ಅಂದ ಕೂಡಲೇ ಹೆಂಗಸರಿಗೆ ಪುಕ್ಕಟೆಯ ಝೀರೋ ಟಿಕೆಟ್ ಹರಿದುಕೊಟ್ಟು ಮುಂದೆ ಹೋಗಿದ್ದ, ಅದನ್ನು ಸುರುಳಿ ಮಾಡಿ ಗಡಿಯಾರದ ಪಟ್ಟಿಯೊಳಗೆ ಸಿಕ್ಕಿಸಿಕೊಂಡಿದ್ದಳು. ಇವತ್ತು ಈ ಗಡಿಯಾರದ ಕೊನೆಯ ದಿನ, ಅಂದರೆ ಅವಳ ಕೈಯ ಮೇಲಿನ ಕೊನೆಯ ದಿನ, ಸಿಂದಗಿಯಲ್ಲಿ ಅಣ್ಣ ರೇವಪ್ಪನ ಕೈಗೆ ಅವನದನ್ನು ಅವನಿಗೆ ಕಟ್ಟಿಬಿಟ್ಟರೆ ಆಯಿತು, ಅರಾಮ ಆದ ಮ್ಯಾಲೆ ತಿರುಗಿ ಕೊಡು ಅಂದಿದ್ದನಲ್ಲ, ಅರಾಮ ಆಗಿದ್ದಾಳೆ, ಅವನ ಮೂತ್ರಪಿಂಡ ಅವಳ ಹೊಟ್ಟೆಯೊಳಗೆ ಬಂದು ಕೂತು ಇವತ್ತಿಗೆ ಸರಿಯಾಗಿ ಒಂದು ವರ್ಷ, ಹೋದ ವಾರದ ರಕ್ತದ ರಿಪೋರ್ಟು ನೋಡಿ ಡಾಕ್ಟರು ಏನೂ ಅನ್ನದೆ ತಲೆ ಮಾತ್ರ ಆಡಿಸಿದ್ದರು, ಡಾಕ್ಟರು ಏನೂ ಅನ್ನದಿದ್ದರೆ ಅಷ್ಟು ಸುಖ ಮತ್ತೊಂದಿಲ್ಲ. ಒಳಗೆ ಇಟ್ಟದ್ದನ್ನು ತಿರುಗಿ ಕೊಡಲು ಬರುವುದಿಲ್ಲ, ಇದನ್ನಾದರೂ ಕೊಡಬೇಕು, ಕೊಡುವುದಾದರೆ ಸರಿಯಾದ ಟೈಮು ತೋರಿಸುವಂತೆ ಕೊಡಬೇಕು, ಹಾಗಂತ ಮೂವತ್ತು ದಿನ ಕಪಾಟಿನ ಬಾಗಿಲ ಒಳಮೈಗೆ ಸೀಮೆಸುಣ್ಣದಲ್ಲಿ ಬರೆದಿದ್ದಾಳೆ, ಎರಡು ಸೆಕೆಂಡು ಮುಂದೆ, ಮೂರು ಮುಂದೆ, ಒಂದು ಹಿಂದೆ, ಹೈಸ್ಕೂಲಿನಲ್ಲಿ ಗಣಿತ ಹೇಳುವವಳು ಇಷ್ಟೂ ಮಾಡದಿದ್ದರೆ ಹೇಗೆ.

ಬಲಗೈಗೇ ಕಟ್ಟಬೇಕು ಎಂಬುದು ರೇವಪ್ಪನದೇ ಕಾಯಿದೆ. ಪೇಂಟರ್ ರೇವಪ್ಪ, ಸಿಂದಗಿಯಲ್ಲಿ ಮನೆಗಳಿಗೆ ಬಣ್ಣ ಹಚ್ಚುವವನು, ಇಂಡಿಯಲ್ಲಿ ಒಬ್ಬ ನಿಂಬೆಹಣ್ಣಿನ ವ್ಯಾಪಾರಿಯ ಮನೆ ಬಣ್ಣ ಮಾಡಿದಾಗ ಆ ಯಜಮಾನ ಖುಷಿಯಾಗಿ ತನ್ನ ಕೈಯಿಂದಲೇ ಬಿಚ್ಚಿ ಕೊಟ್ಟ ಗಡಿಯಾರ ಇದು, ಸೆಲ್ಲು ಬೇಡ, ಕೀಲಿ ಕೊಡುವುದೂ ಬೇಡ, ಒಳಗೊಂದು ಅರ್ಧಚಂದ್ರದಂಥ ತೂಕದ ತಗಡು ಐತಿ, ಕೈ ಆಡಿದಂಗ ಅದು ಆಡತೈತಿ, ಅದು ಆಡಿದಂಗ ಸ್ಪ್ರಿಂಗ್ ಸುತ್ಕೋತೈತಿ, ಅದಕ್ಕ ಆಡೋ ಕೈಗೇ ಕಟ್ಟಬೇಕು — ಅವನ ಬ್ರಶ್ ಹಿಡಿಯುವ ಕೈ ಬಲಗೈ, ಅದಕ್ಕೆ ಕಟ್ಟಿ ಮೇಲೊಂದು ಹಾಲಿನ ಪಾಕೀಟಿನ ಪ್ಲಾಸ್ಟಿಕ್ ಸುತ್ತಿಕೊಂಡು ಏಣಿ ಹತ್ತುತ್ತಿದ್ದ, ಆದರೂ ಪಟ್ಟಿಯ ಕೊಂಡಿಯ ಹತ್ತಿರ ಹಸಿರು ಪೇಂಟಿನ ಒಂದು ಹನಿ ಒಣಗಿ ಕೂತಿದೆ, ಅದನ್ನು ಅವಳು ಉಗುರಿನಿಂದ ಕೆರೆಯಲು ಹೋಗಿಲ್ಲ. ಅವಳ ಎಡಗೈಯಲ್ಲಿ ಡಯಾಲಿಸಿಸ್‌ಗೆಂದು ನರ ಜೋಡಿಸಿದ್ದರು, ಆ ಕೈಗೆ ಬಳೆ ಬ್ಯಾಡ ವಾಚ ಬ್ಯಾಡ ಬಿ.ಪಿ. ಪಟ್ಟಿನೂ ಬ್ಯಾಡ ಅಂದಿದ್ದರು, ವಾರಕ್ಕೆ ಮೂರು ಸಲ ನಾಲ್ಕು ತಾಸು ಮಲಗುವುದು, ಟೈಮ್ ಎಷ್ಟಾತ್ರಿ ಎಂದು ನರ್ಸಿಗೆ ಕೇಳುವುದು, ಆಯಾಗೆ ಕೇಳುವುದು, ಪಕ್ಕದ ಮಂಚದವರಿಗೆ ಕೇಳುವುದು, ಇನ್ನೂ ಎರಡು ತಾಸು ಐತ್ರಿ ಟೀಚರ, ಇನ್ನೂ ಒಂದೂವರೆ — ಬಸವನ ಬಾಗೇವಾಡಿಯಲ್ಲಿ ಒಂದು ಮಂಗಲ ಕಾರ್ಯಾಲಯದ ಕೆಲಸ ಮುಗಿಸಿ ರೇವಪ್ಪ ಕೂದಲಲ್ಲೆಲ್ಲ ಸುಣ್ಣದ ಪುಡಿ ಹೊತ್ತು ನೇರ ಅಲ್ಲಿಗೇ ಬಂದಿದ್ದ, ಸ್ವಲ್ಪ ಹೊತ್ತು ನಿಂತು ನೋಡಿದ, ಬಿಚ್ಚಿ ಅವಳ ಬಲಗೈಗೆ ಕಟ್ಟಿದ, ಮಂದೀನ ಕೇಳ್ಕೋತ ಮಕ್ಕೋಬ್ಯಾಡ ವಿಜಿ, ನೋಡ್ಕೋ, ಅರಾಮ ಆದ ಮ್ಯಾಲೆ ತಿರುಗಿ ಕೊಡು. ಆ ಹೊತ್ತಿಗೆ ತನ್ನದೊಂದು ಕೊಡುವುದೆಂದು ಅವನು ಆಗಲೇ ನಿರ್ಧಾರ ಮಾಡಿ ಆಗಿತ್ತಂತೆ, ಅದನ್ನು ಹೇಳಿದ್ದು ಮುಂದೆ ಹದಿನೈದು ದಿನಕ್ಕೆ, ಮೊದಲು ಕೊಟ್ಟದ್ದು ಗಡಿಯಾರ.

ಅದೋ ಮರುದಿನ ಬೆಳಗಾಗುವುದರೊಳಗೆ ನಿಂತೇ ಹೋಯಿತು. ಅಣ್ಣನ ಕೈಯಲ್ಲಿ ಎಂಟು ವರ್ಷ ನಡೆದದ್ದು ತನ್ನ ಕೈಗೆ ಬಂದು ಒಂದೇ ದಿನಕ್ಕೆ, ಅವಳಿಗೆ ಅಳುವೇ ಬಂದಿತ್ತು, ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗಡಿಯಾರ ರಿಪೇರಿಯ ಮುರ್ತುಜಾಸಾಬರ ಅಂಗಡಿ, ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು, ಗಡಿಯಾರಕ್ಕ ಏನೂ ಆಗಿಲ್ರಿ ಟೀಚರ, ನಿಮ್ಮ ಕೈ ಆಡವಲ್ದು. ಆಡುವುದಾದರೂ ಹೇಗೆ, ಮಲಗಿದ್ದು ನಾಲ್ಕು ತಾಸು, ಮನೆಗೆ ಬಂದು ಸುಸ್ತಾಗಿ ಮಲಗಿದ್ದು ಹತ್ತು ತಾಸು, ಅವರು ಅದನ್ನು ಕೇಳದೆಯೇ ತಿಳಿದುಕೊಂಡವರಂತೆ ಕೀಲಿಯ ಗುಂಡಿ ಹಿಡಿದು ಮೆಲ್ಲಗೆ ಮುಂದಕ್ಕೆ ತಿರುವಿ ತೋರಿಸಿದರು, ದಿನಾ ಮುಂಜಾನೆ ಒಂದ ಟೈಮಿಗೆ ಇಪ್ಪತ್ತೈದ ಸುತ್ತ ಕೊಡ್ರಿ, ಹೊಟ್ಟಿ ತುಂಬಿದ್ರ ಸರಿ ನಡಿತೈತಿ, ಅರ್ಧ ಹೊಟ್ಟಿ ಇದ್ರ ತಪ್ಪ ಹೆಜ್ಜಿ ಹಾಕ್ತೈತಿ — ಎಷ್ಟಾತ್ರಿ ಅಂದರೆ ಮುಚ್ಚಳ ತಗದಿದ್ದಕ್ಕ ಏನ ಆಗತೈತ್ರಿ ಎಂದು ನಕ್ಕರು, ಆಮೇಲೂ ಎಷ್ಟು ಸಲ ಹೋಗಿದ್ದಾಳೆ, ಒಂದು ದಿನವೂ ಬೇಸರ ಮಾಡಲಿಲ್ಲ. ಒಮ್ಮೆ ಇದ್ದಕ್ಕಿದ್ದಂತೆ ದಿನಕ್ಕೆ ಮೂರು ನಿಮಿಷ ಮುಂದೆ ಓಡತೊಡಗಿತು, ಅವರು ಪುಟ್ಟ ದಿಕ್ಸೂಚಿಯನ್ನು ಗಡಿಯಾರದ ಹತ್ತಿರ ಹಿಡಿದರು, ಮುಳ್ಳು ಗರಗರ ತಿರುಗಿತು, ಆಯಸ್ಕಾಂತದ ಹತ್ರ ಇಟ್ಟೀರಿ, ಎಲ್ಲೂ ಇಟ್ಟಿಲ್ರಿ ಅಂದಳು, ಅವರ ಕಣ್ಣು ಅವಳ ಪರ್ಸಿನ ಮೇಲೆ ಬಿತ್ತು, ಟಪ್ಪನೆ ಮುಚ್ಚಿಕೊಳ್ಳುವ ಅದರ ಬಾಯಲ್ಲಿ ಆಯಸ್ಕಾಂತ, ಡಯಾಲಿಸಿಸ್‌ಗೆ ಮಲಗುವ ಮೊದಲು ತೂಕ ನೋಡುವಾಗ ಬಿಚ್ಚಿ ಅದರೊಳಗೇ ಹಾಕುತ್ತಿದ್ದಳು, ಒಂದು ನೀಲಿ ಡಬ್ಬಿಯ ಮೇಲೆ ಗಡಿಯಾರ ಇಟ್ಟು ಗುಂಡಿ ಒತ್ತಿ ಮೆಲ್ಲಗೆ ಮೇಲೆತ್ತಿದರು, ಅಷ್ಟೇ, ಆಯಸ್ಕಾಂತದ ಸೆಳೆತ ಇಳಿದುಹೋಯಿತು. ಅಂಥ ಸುಲಭದ ಮದ್ದು ಮನುಷ್ಯರಿಗೂ ಇದ್ದಿದ್ದರೆ ಎಂದು ಅವತ್ತು ಅನ್ನಿಸಿತ್ತು.

ತಾಳಿಕೋಟೆ, ತಾಳಿಕೋಟೆ, ಕಂಡಕ್ಟರ್ ಬಾಗಿಲು ಬಡಿಯುತ್ತಾನೆ, ಬಜ್ಜಿಯ ವಾಸನೆ, ಇವಳಿಗೆ ಬರಿಹೊಟ್ಟೆಯಲ್ಲೇ ಒಂಬತ್ತರ ಗುಳಿಗೆ, ಆಮೇಲೆ ಒಂದು ತಾಸು ಬಿಟ್ಟು ತಿನ್ನುವುದು, ಬೆಳಿಗ್ಗೆ ಒಂಬತ್ತು ರಾತ್ರಿ ಒಂಬತ್ತು, ಜೀವ ಇರುವ ತನಕ, ಹೊರಗಿನಿಂದ ಬಂದದ್ದನ್ನು ಮೈ ತನ್ನದಲ್ಲ ಎಂದು ತಳ್ಳಿಬಿಡದಂತೆ. ಮೊಬೈಲು ಹೊಡೆದುಕೊಳ್ಳುತ್ತದೆ, ನಿಜ, ಆದರೂ ಅದಕ್ಕಿಂತ ಮೊದಲು ಕಣ್ಣು ಬಲಗೈಗೆ ಹೋಗುತ್ತದೆ, ಅದು ಹೊಡೆಯುವಾಗ ಈ ಮುಳ್ಳು ಎಲ್ಲಿದೆ, ಅದೇ ದಿನದ ಲೆಕ್ಕ, ಮುಂದೆ ಓಡಿದ್ದರೆ ರಾತ್ರಿ ಕೀಲಿಯ ಗುಂಡಿ ಮೇಲೆ ಮಾಡಿ ನೆಟ್ಟಗೆ ನಿಲ್ಲಿಸಿಡುವುದು, ಬೆಳಗಿನೊಳಗೆ ನಾಲ್ಕು ಸೆಕೆಂಡು ಹಿಂದೆ ಬರುತ್ತದೆ, ಹಿಂದೆ ಬಿದ್ದಿದ್ದರೆ ಮುಖ ಮೇಲೆ ಮಾಡಿ ಅಂಗಾತ ಮಲಗಿಸುವುದು, ಆರು ಮುಂದೆ ಹೋಗುತ್ತದೆ, ಇದೂ ಮುರ್ತುಜಾಸಾಬರು ಹೇಳಿದ್ದೇ, ಒಂದೊಂದು ಗಡಿಯಾರದ ಗುಣ ಒಂದೊಂದು ಇರತೈತ್ರಿ, ನೀವ ತಿಳ್ಕೋಬೇಕು. ಆಪರೇಶನ್ ಆಗಿ ಐದು ತಿಂಗಳಿಗೆ ಮತ್ತೆ ಬೋರ್ಡಿನ ಮುಂದೆ ನಿಂತಳು, ಸಮೀಕರಣ ಬರೆಯುತ್ತ ಕೈ ಮೇಲಿನಿಂದ ಕೆಳಗೆ ಎಡದಿಂದ ಬಲಕ್ಕೆ, ಆ ವಾರದಿಂದ ಕೀಲಿ ತಿರುವಲೇ ಇಲ್ಲ, ತಾನೇ ನಡೆಯಿತು, ಶನಿವಾರ ಅಂಗಡಿಗೆ ಹೋದಾಗ ಮುರ್ತುಜಾಸಾಬರು ಗಡಿಯಾರ ಕಿವಿಗೆ ಹಿಡಿದು ಅವಳ ಮುಖ ನೋಡಿ, ಕೈ ಆಡಾಕತ್ತೈತಿ ಅಂದರು, ಅವರ ಕಣ್ಣೂ ತುಂಬಿತ್ತೋ ಭೂತಗನ್ನಡಿಯ ಹೊಳಪೋ. ಎಷ್ಟು ಜನ ಕೂಡಿ ಎತ್ತಿ ನಿಲ್ಲಿಸಿದರು. ಆದರೆ ವೈನಿ — ಅಲ್ಲಿಗೆ ಬಂದ ಕೂಡಲೇ ವಿಚಾರ ಬಸ್ಸಿನಂತೆ ಗೇರು ಬದಲಿಸುತ್ತದೆ — ಅಣ್ಣನ ಹೆಂಡತಿ ಚನ್ನವ್ವ ವರ್ಷದಿಂದ ಒಂದು ಮಾತೂ ಆಡಿಲ್ಲ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನ ಆಸ್ಪತ್ರೆಯ ಬಾಕಿನ ಮೇಲೆ ಕೂತು, ದುಡಿಯೋ ಮೈ ಕೊಯ್ಸಾಕತ್ತೀರಿ, ನಾಳೆ ಅವರಿಗೇನರ ಆದ್ರ ನಾ ಯಾರ ಮನಿ ಮುಂದ ನಿಂದರ್ಲಿ ಅಂದವಳು, ಅಂದು ಎದ್ದು ಹೋಗಿ ತಾನೇ ಸಹಿ ಹಾಕಿದವಳು, ಆಮೇಲೆ ಮಾತಿಲ್ಲ, ಫೋನು ಮಾಡಿದರೆ ಅಣ್ಣನಿಗೆ ಕೊಟ್ಟುಬಿಡುತ್ತಾಳೆ. ಇವತ್ತು ಏನು ಹೇಳುವುದು, ನಿಮ್ಮಿಂದ ಬದುಕೇನಿ ವೈನಿ ಅನ್ನುವುದೇ, ಅದು ಸಾಲದು, ತಪ್ಪಾತ್ರಿ ಅನ್ನುವುದೇ, ಬದುಕಿದ್ದು ತಪ್ಪಾದೀತೇ, ಬಸ್ಸು ಓಡುತ್ತಿದೆ, ತೊಗರಿ ಹೊಲ, ಕಬ್ಬಿನ ಟ್ರ್ಯಾಕ್ಟರು, ಮೊಬೈಲು ಹೊಡೆದುಕೊಂಡಿತು, ಮುಳ್ಳು ಹನ್ನೆರಡರ ಮೇಲೆ ಎರಡು ಗೆರೆ ದಾಟಿದೆ, ಎರಡು ಸೆಕೆಂಡು, ಗುಳಿಗೆ, ಬಾಟಲಿಯ ನೀರು, ನುಂಗಿದಳು.

ಸಿಂದಗಿಯಲ್ಲಿ ಅಣ್ಣನ ಮನೆಗೆ ಬೀಗ, ಫೋನು ಮಾಡಿದರೆ ರೇವಪ್ಪ, ಸಾಲಿ ಕಡೆ ಬಾ, ಐತವಾರ ಸೂಟಿ ಇರತೈತಂತ ಕಂಪೌಂಡಿನ ಕೆಲಸ ಹಿಡದೇವಿ ಅಂದ, ಎರಡು ಓಣಿ ದಾಟಿದರೆ ಶಾಲೆ, ಬೇವಿನ ನೆರಳಲ್ಲಿ ಬೋರಲು ಹಾಕಿದ ಬಕೀಟಿನ ಮೇಲೆ ಅವನು ಕೂತು ಕೋಲಿನಿಂದ ಹಳದಿ ಬಣ್ಣ ಕಲಸುತ್ತಿದ್ದಾನೆ, ಹಾಗಾದರೆ ಗೋಡೆಗೆ ಒರಗಿಸಿದ ಏಣಿಯ ಮೇಲೆ ಯಾರು, ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಟವೆಲು, ಕೈಯಲ್ಲಿ ಬ್ರಶ್ — ಚನ್ನವ್ವ. ಯಾವಾಗಿಂದ ಅಣ್ಣ. ಆಪರೇಶನ್ ಆದ ಮೂರನೇ ತಿಂಗಳಿಂದ ಅಂದ, ಏಣಿ ಹತ್ತಿದ್ರ ಹೊಲಿಗಿ ಹಾಕಿದಲ್ಲೆ ಜಗ್ಗತಿತ್ತು, ಈಗ ಏನೂ ಇಲ್ಲ, ಡಾಕ್ಟರ ಹತ್ತು ಅಂದಾರ, ಆಕಿನ ಬ್ರಶ್ ಬಿಟ್ಟ ಕೊಡವಲ್ಲಳು, ನನಕಿಂತ ಚಲೋ ಕೈ ಐತಿ ಆಕಿದು. ನಂಗ್ಯಾಕ ಹೇಳಲಿಲ್ಲ. ಹೇಳಬ್ಯಾಡ ಅಂದಿದ್ಲು, ನೀ ಮನಸಿಗೆ ಹಚ್ಕೊಂಡು ಬಿ.ಪಿ. ಏರಿಸ್ಕೊಂಡ್ರ ಕೊಟ್ಟದ್ದು ಹಾಳಾಗತೈತಿ ಅಂತ. ವಿಜಯಶ್ರೀ ಗಡಿಯಾರ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು, ಅವನು ತನ್ನ ಮೊಬೈಲಿನ ಪಕ್ಕ ಹಿಡಿದು ನೋಡಿದ, ಎರಡ ಸೆಕೆಂಡ, ನನ್ನ ಹಂತೇಕ ಇದ್ದಾಗ ದಿನಾ ಒಂದ ನಿಮಿಷ ತಪ್ಪತಿತ್ತಲೇ ವಿಜಿ, ಎಂದು ಖುಷಿಯಿಂದ ನಕ್ಕು ಕಟ್ಟಿಕೊಳ್ಳದೆ ಹಾಗೇ ಕೂತ, ನಾ ಈಗ ರೇಟ್ ಮಾತಾಡೂದು, ಬಣ್ಣ ಕಲಸೂದು, ನನ್ನ ಕೈಯಾಗ ಇದು ನಾಳೆ ನಿಲ್ತೈತಿ, ಚನ್ನೀ, ಇಳಿ ಇಲ್ಲೆ.

ಚನ್ನವ್ವ ಇಳಿದಳು, ಟವೆಲಿನಿಂದ ಮುಖ ಒರೆಸಿಕೊಂಡಳು, ಚನ್ನವ್ವನೇ ಮೊದಲು ಅಂದಳು, ಒಂಬತ್ತರ ಗುಳಿಗಿ ತಗೊಂಡ್ಯೇನು. ತಗೊಂಡೆ ವೈನಿ. ಹಸಿದಿರಬೇಕು, ರೊಟ್ಟಿ ತಂದೇನಿ, ತಾಸು ಆದ ಮ್ಯಾಲೆ ಉಣ್ಣು. ಅದೂ ಗೊತ್ತಿದೆ ಇವಳಿಗೆ, ತಾಸು ಬಿಟ್ಟು ಎಂಬುದೂ. ವೈನಿ, ನನ್ನ ಮ್ಯಾಲೆ ಸಿಟ್ಟು ಐತೇನ್ರಿ. ಇತ್ತು, ಅಂದಳು ಚನ್ನವ್ವ ಕಣ್ಣಿಟ್ಟು ನೋಡುತ್ತ, ಈಗೂ ಒಂದೀಟು ಐತಿ, ಹೋಗತೈತಿ ಬಿಡು, ನೀ ಗಟ್ಟಿ ಇದ್ರ ಲಗೂ ಹೋಗತೈತಿ. ಹಿಡಿರಿ ಕೈ, ಅಂದಳು ವಿಜಯಶ್ರೀ, ಎಡಗೈ ಚಾಚಿದವಳಿಗೆ ಅದಲ್ಲ, ಆಡೋ ಕೈ ಅಂದಳು, ಹಳದಿ ಹನಿಗಳ ನಡುವೆ ಪಟ್ಟಿ ಸುತ್ತಿ ತನಗಿಂತ ಒಂದು ತೂತು ಸಡಿಲ ಮಾಡಿ ಕಟ್ಟಿದಳು, ಮೊಬೈಲ್ ಹತ್ರ ಇಡಬ್ಯಾಡ್ರಿ ವೈನಿ, ಹಿಂದ ಬಿದ್ರ ರಾತ್ರಿ ಅಂಗಾತ ಇಡ್ರಿ, ನಿಂತ್ರ ಇಪ್ಪತ್ತೈದ ಸುತ್ತು — ಯಾಕ ನಿಲ್ತೈತಿ, ಇನ್ನಾ ಮೂರು ಗ್ವಾಡಿ ಉಳಿದಾವು, ಎನ್ನುತ್ತ ಚನ್ನವ್ವ ಮತ್ತೆ ಏಣಿ ಹತ್ತಿದಳು, ಧನ್ಯವಾದ ಎಂಬ ಶಬ್ದ ಎಷ್ಟು ಸಣ್ಣದು, ಅದನ್ನು ಈಗ ಹೇಳಬೇಕೋ ಉಂಡ ಮೇಲೆ ಹೇಳಬೇಕೋ, ಹೇಳದಿದ್ದರೂ — ಬ್ರಶ್ಶು ಬಣ್ಣದಲ್ಲಿ ಮುಳುಗಿತು, ಕೈ ಮೇಲೆ ಹೋಯಿತು, ಗಾಜು ಬಿಸಿಲಿಗೆ ಒಮ್ಮೆ ಮಿಂಚಿತು, ಕೈ ಕೆಳಗೆ ಬಂತು, ಹಸಿ ಹಳದಿ, ಮತ್ತೆ ಮೇಲೆ, ಮತ್ತೆ ಕೆಳಗೆ, ಚನ್ನವ್ವನ ಕೈ, ಮೇಲೆ, ಕೆಳಗೆ.